ಇನ್ನೊಂದು ಮಹಾಮಾರಿ ಬಂದರೆ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮತ್ತೆ ಮುಚ್ಚುತ್ತಾರಾ? ಅಮ್ಮನ ಡಯಾಲಿಸಿಸ್‌ಗಾಗಿ ಮಂಗಳೂರಿಗೆ ಮನೆ ಬದಲಾಯಿಸಬೇಕಾ?

ಮಹಾಮಾರಿ ಎದುರಿಸಲು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಒಪ್ಪಂದ ಬಂದಿದೆ, ಇನ್ನು ಗಡಿ ಮುಚ್ಚಲಿಕ್ಕಿಲ್ಲ ಎನ್ನುವುದು ನಿಮ್ಮ ತಮ್ಮನ ಮಾತು. ನಿಮಗೆ ಅದರಲ್ಲಿ ನಂಬಿಕೆ ಇಲ್ಲ, ಅಲ್ವಾ? ನಾನು ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ವರ್ಕಾಡಿಯವನು. 2020ರಲ್ಲಿ ನನ್ನ ಅಪ್ಪನೂ ಪ್ರತಿ ಮಂಗಳವಾರ, ಶುಕ್ರವಾರ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

ಮಾರ್ಚ್ 20ರ ಶುಕ್ರವಾರ ಎಲ್ಲ ಸರಿಯಾಗಿ ನಡೆಯಿತು. ಭಾನುವಾರ ಜನತಾ ಕರ್ಫ್ಯೂ. ಮಂಗಳವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ತಲಪಾಡಿಯಲ್ಲಿ ರಸ್ತೆ ಬಂದ್. ಅಪ್ಪನ ಅಂಗಿಯ ತೋಳು ಮಡಚಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ) ತೋರಿಸಿದೆ. ಬಿಡಲಿಲ್ಲ. ನಮ್ಮ ಕಡೆಯಿಂದ ಆಚೆ ಹೋಗಲು ಎಷ್ಟು ಒಳದಾರಿಗಳಿವೆ ಎಂದು ನಿಮಗೂ ಗೊತ್ತು. ಆ ವಾರ ಅವಕ್ಕೂ ಮಣ್ಣು ಸುರಿದರು.

ಮನೆಗೆ ಬಂದವನೇ ನಮ್ಮ ಜಿಲ್ಲೆಯ ಡಯಾಲಿಸಿಸ್ ಸೆಂಟರುಗಳಿಗೆ ಫೋನ್ ಮಾಡಲು ಕೂತೆ. ಒಂದು ಕಡೆ ಜಾಗ ಸಿಕ್ಕಿತು. ಆದರೆ ಅವರು ಕೇಳಿದ್ದು ಮೂರು ರಿಪೋರ್ಟು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಆಮೇಲೆ ಅಪ್ಪನ ಡ್ರೈ ವೇಯ್ಟ್ (ಮೈಯ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಎಷ್ಟು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು ಕೊಡುತ್ತಾರೆ ಎಂದರು. ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ.

ಯಾಕೆಂದರೆ ಫೈಲು ಮಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲೇ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ವರ್ಷ ನಾನೇ ಫೈಲು ಹೊತ್ತುಕೊಂಡು ಹೋಗುತ್ತಿದ್ದೆ. ದಪ್ಪ ಫೈಲು. ಒಂದು ಕೈಯಲ್ಲಿ ಅಪ್ಪನನ್ನು ಹಿಡಿದುಕೊಳ್ಳಬೇಕು, ಇನ್ನೊಂದರಲ್ಲಿ ಊಟದ ಬುತ್ತಿ. ಒಂದು ದಿನ ಕೌಂಟರಿನಲ್ಲಿದ್ದವರು, ಹೇಗೂ ವಾರಕ್ಕೆ ಎರಡು ಸಲ ಬರುತ್ತೀರಿ, ಇಲ್ಲೇ ಇರಲಿ ಎಂದರು. ನನಗೂ ಸುಲಭ ಅನ್ನಿಸಿತು. ಅವರ ತಪ್ಪಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಾನು ಒಂದು ಜೆರಾಕ್ಸ್ ಮಾಡಿಸಲಿಲ್ಲ. ಡಯಾಲಿಸಿಸ್ ಮುಗಿಯುವವರೆಗೆ ನಾಲ್ಕು ಗಂಟೆ ಹೊರಗೆ ಕೂತಿರುತ್ತಿದ್ದೆ, ಕೈಯಲ್ಲಿ ಕ್ಯಾಮೆರಾ ಇರುವ ಫೋನು. ಹತ್ತು ನಿಮಿಷ ಸಾಕಿತ್ತು. ಆ ಎರಡು ವರ್ಷದಲ್ಲಿ ಒಂದು ಪುಟದ ಫೋಟೋ ಕೂಡ ತೆಗೆಯಲಿಲ್ಲ. ಅಪ್ಪನ ಕಾಯಿಲೆ ನನಗೆ ಪೂರ್ತಿ ಗೊತ್ತು ಎಂದುಕೊಂಡಿದ್ದೆ. ಗೊತ್ತಿದ್ದದ್ದು ದಾರಿ ಮಾತ್ರ.

ಮಂಗಳವಾರ ಇಡೀ ದಿನ ಆಸ್ಪತ್ರೆಗೆ ಫೋನ್ ಮಾಡಿದೆ. ಗಲಾಟೆಯ ಹೊತ್ತು, ಯಾರೂ ಎತ್ತಲಿಲ್ಲ. ಬುಧವಾರ ಹೊಸದಾಗಿ ರಕ್ತ ಕೊಟ್ಟೆವು. ರಿಪೋರ್ಟು ಬಂದದ್ದು ಗುರುವಾರ ಸಂಜೆ. ಸೋಂಕು ಇದ್ದವರಿಗೆ ಬೇರೆ ಮೆಷಿನ್ ಇಡುತ್ತಾರೆ, ಹಾಗಾಗಿ ರಿಪೋರ್ಟು ನೋಡದೆ ಹತ್ತಿಸುವ ಹಾಗಿಲ್ಲ. ಅದು ಸರಿಯಾದ ನಿಯಮವೇ. ಅಷ್ಟರಲ್ಲಿ ಆರು ದಿನ ಆಗಿತ್ತು. ಅಪ್ಪನ ಕಾಲು ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ರಾತ್ರಿ ಚಾವಡಿಯ ಕಂಬಕ್ಕೆ ಒರಗಿ ಕೂತೇ ಕಳೆದರು. (ಪಕ್ಕದ ಮನೆಯವರು ಪ್ರೀತಿಯಿಂದ ಎಳನೀರು ತಂದರು. ದಯವಿಟ್ಟು ನಿಮ್ಮ ಅಮ್ಮನಿಗೆ ಅದನ್ನು ಕೊಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್ ತಪ್ಪಿದಾಗ ಅದು ರಕ್ತದಲ್ಲಿ ಏರಿ ಹೃದಯ ನಿಲ್ಲಿಸಬಹುದು.) ಗುರುವಾರ ರಾತ್ರಿ ಮೆಷಿನ್ ಸಿಕ್ಕಿತು. ಅಪ್ಪ ಉಳಿದರು, ಆದರೆ ಮೊದಲಿನ ಹಾಗೆ ಆಗಲಿಲ್ಲ. 2021ರ ಮಳೆಗಾಲದಲ್ಲಿ ತೀರಿಕೊಂಡರು. ಆ ಆರು ದಿನದಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ. ನನ್ನ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಈಗ ಒಪ್ಪಂದದ ವಿಷಯ. 2025ರ ಮೇ 20ರಂದು ಜಿನೀವಾದಲ್ಲಿ ಅದನ್ನು ಅಂಗೀಕರಿಸಿದರು. ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ. ಮಹಾಮಾರಿ ಬಂದಾಗ ಲಸಿಕೆ, ಔಷಧಿಯ 20 ಶೇಕಡಾ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಸಿಗುವಂತೆ ಮಾಡುವ ಯೋಜನೆ ಅದರಲ್ಲಿದೆ, ಬಡ ದೇಶಗಳಿಗೆ ಅದು ದೊಡ್ಡ ವಿಷಯ. ಆದರೆ ಜಾರಿಗೆ ಬರಲು 60 ದೇಶಗಳ ಅನುಮೋದನೆ ಬೇಕು. ಲಾಕ್‌ಡೌನ್ ಮಾಡಿ, ಪ್ರಯಾಣ ನಿಲ್ಲಿಸಿ ಎಂದು ಯಾವ ದೇಶಕ್ಕೂ ಆದೇಶ ಕೊಡುವ ಅಧಿಕಾರ ಸಂಸ್ಥೆಗೆ ಇಲ್ಲ ಎಂದೂ ಅದರಲ್ಲೇ ಬರೆದಿದೆ. ಹಳೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 43ನೇ ವಿಧಿ, ಅಗತ್ಯಕ್ಕಿಂತ ಹೆಚ್ಚು ನಿರ್ಬಂಧ ಹಾಕಬೇಡಿ ಎನ್ನುತ್ತದೆ. ಅದು ದೇಶದಿಂದ ದೇಶಕ್ಕೆ ಹೋಗುವವರ ವಿಷಯ. ತಲಪಾಡಿ ಇರುವುದು ಎರಡು ರಾಜ್ಯಗಳ ನಡುವೆ. ಸಾರ್ವಜನಿಕ ಆರೋಗ್ಯ ನಮ್ಮ ಸಂವಿಧಾನದಲ್ಲಿ ರಾಜ್ಯಪಟ್ಟಿಯಲ್ಲಿದೆ. 2020ರಲ್ಲಿ ರೋಗಿಗಳಿಗೆ ದಾರಿ ಬಿಡಿಸಿದ್ದು ಕೋರ್ಟು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟಿನ ಆದೇಶ ಬಂತು. ಏಪ್ರಿಲ್ 7ಕ್ಕೆ, ತುರ್ತು ರೋಗಿಗಳನ್ನು ಬಿಡಲು ಕ್ರಮ ನಿಗದಿಯಾಗಿದೆ ಎಂದು ಕೇಂದ್ರ ಸರ್ಕಾರದವರು ಸುಪ್ರೀಂ ಕೋರ್ಟಿಗೆ ತಿಳಿಸಿದರು. ಮಾರ್ಚ್ 24ರಿಂದ ಲೆಕ್ಕ ಹಾಕಿ, ಎರಡು ವಾರ. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸುವವರು ಎರಡು ವಾರ ಕಾಯಲಾಗುತ್ತದಾ?

ಹಾಗೆಂದು ಮನೆ ಬದಲಾಯಿಸಬೇಡಿ. ರೇಷನ್ ಕಾರ್ಡು, ಚಿಕಿತ್ಸೆಯ ಸಹಾಯ, ರಾತ್ರಿ ಕರೆದರೆ ಓಡಿ ಬರುವ ನೆರೆಯವರು, ಎಲ್ಲ ಈಚೆ ಇರುವಾಗ ಅಮ್ಮನನ್ನು ಬಾಡಿಗೆ ಮನೆಯಲ್ಲಿ ಒಂಟಿ ಮಾಡುವುದು ಸರಿಯಲ್ಲ. ಗಡಿ ಮುಚ್ಚಿದರೆ ನೀವು ಆಚೆ ಸಿಕ್ಕಿಬೀಳುತ್ತೀರಿ, ಅಷ್ಟೇ.

ನಮ್ಮ ಜಿಲ್ಲೆಯಲ್ಲೇ ಒಂದು ಸೆಂಟರಿನಲ್ಲಿ ಅಮ್ಮನ ಹೆಸರು ಬರೆಸಿ. ಸುಮ್ನೆ ಬರೆಸಿದರೆ ಸಾಲದು, ಆಗಾಗ ಒಂದು ಡಯಾಲಿಸಿಸ್ ಅಲ್ಲಿಯೇ ಮಾಡಿಸಿ, ಅಲ್ಲಿಯವರಿಗೆ ಅವರ ಗುರುತು ಇರಲಿ. ಆ ಮೂರು ರಿಪೋರ್ಟು ಹಳೆಯದಾದರೆ ಮತ್ತೆ ಕೇಳುತ್ತಾರೆ, ಹೊಸದು ಮಾಡಿಸುತ್ತಾ ಇರಿ. ಡ್ರೈ ವೇಯ್ಟ್ ಬದಲಾದಾಗಲೆಲ್ಲ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್ ಅವರಿಗೆ ಆಗುತ್ತದಾ ಎಂದೂ ಡಾಕ್ಟರನ್ನು ಕೇಳಿ ನೋಡಿ.

ನಿಮ್ಮ ಅಮ್ಮನ ಫೈಲು ಈಗ ಎಲ್ಲಿದೆ? ಕೌಂಟರಿನಲ್ಲಿದ್ದರೆ ಮುಂದಿನ ಸಲ ಹೋದಾಗ ಕೇಳಿ ಮನೆಗೆ ತನ್ನಿ.