ಹೆಂಡತಿಗೆ ಮಣಿಪಾಲ, ಗಂಡನಿಗೆ ಮಂಗಳೂರು: ಮನೆ ಎಲ್ಲಿ ಮಾಡೋದು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನನಗೆ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಶಿಫ್ಟ್ ಡ್ಯೂಟಿ, ರಾತ್ರಿ ಪಾಳಿಯೂ ಇದೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ, ಅವರಿಗೆ ಮಂಗಳೂರು ಹಂಪನಕಟ್ಟೆಯ ಶಾಖೆಗೆ ವರ್ಗವಾಗಿದೆ. ಮಗಳು ಜೂನ್‌ಗೆ ಎಂಟನೇ ಕ್ಲಾಸ್. ಜೊತೆಗೆ ಅತ್ತೆ ಇದ್ದಾರೆ, 68 ವರ್ಷ, ಮಂಡಿನೋವು. ಇಬ್ಬರಿಗೂ ಸಮ ಆಗಲಿ ಅಂತ ಮೂಲ್ಕಿ ಅಥವಾ ಪಡುಬಿದ್ರಿಯಲ್ಲಿ ಮನೆ ಮಾಡೋಣ ಅಂತಾರೆ ಯಜಮಾನರು. ಜನವರಿಯಲ್ಲಿ ಎರಡು ದಿನ ಬಂದು ಮನೆ ನೋಡಬೇಕೆಂದಿದ್ದೇವೆ. ಏನು ಮಾಡಲಿ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಮೂಲ್ಕಿಯಲ್ಲಿ ಮನೆ ಮಾಡಿದರೆ ನಿಮ್ಮಿಬ್ಬರಿಗೂ ಸಮ ಆಗುವುದು ಸುಸ್ತು ಮಾತ್ರ. ಬೇಡಮ್ಮ.

ಮಂಗಳೂರಿನಿಂದ ಮಣಿಪಾಲಕ್ಕೆ ಹೆಚ್ಚುಕಡಿಮೆ 60 ಕಿ.ಮೀ. ಅರ್ಧ ಅಂದರೆ ಮೂವತ್ತೇ ಅಲ್ವಾ ಅನಿಸುತ್ತದೆ. ಆದರೆ ನಿಮ್ಮ ಯಜಮಾನರು ಹಗಲು ಹೋಗಿ ಸಂಜೆ ಬರುವವರು. ಒಂದು ಬಸ್ ತಪ್ಪಿದರೆ ಇನ್ನೊಂದು ಹಿಡಿಯುತ್ತಾರೆ. ನೀವು ರಾತ್ರಿ ಪಾಳಿಗೆ ಹೊರಡುವ ಹೊತ್ತಿಗೆ ಬಸ್ಸುಗಳು ಕಡಿಮೆಯಾಗುತ್ತಾ ಬಂದಿರುತ್ತವೆ. ಮಳೆಗಾಲದ ಕತ್ತಲಲ್ಲಿ ಹೆದ್ದಾರಿಯಲ್ಲಿ 30 ಕಿ.ಮೀ. ಸ್ಕೂಟರ್ ಓಡಿಸುವ ಮಾತೇ ಬೇಡ. ಇನ್ನೊಂದು ವಿಷಯ: ಮಧ್ಯದ ಊರಲ್ಲಿದ್ದರೆ ಅತ್ತೆಗೆ ಏನಾದರೂ ಆದಾಗ ಇಬ್ಬರೂ ದೂರ. ಆದ್ದರಿಂದ ಪಾಳಿ ಇರುವವರ ಊರಲ್ಲೇ ಮನೆ ಮಾಡಿ, ಓಡಾಟ ಯಜಮಾನರಿಗಿರಲಿ. ಸ್ವಲ್ಪ ಮುನಿಸಿಕೊಂಡಾರು.

ಹಾಗಂತ ಮಣಿಪಾಲದಲ್ಲೇ ಬೇಡ. ಅಲ್ಲಿ ಬಾಡಿಗೆಯ ಲೆಕ್ಕ ವಿದ್ಯಾರ್ಥಿಗಳನ್ನು ನೋಡಿ ನಡೆಯುತ್ತದೆ. ನಾಲ್ಕು ಹುಡುಗರು ಸೇರಿ ಕೊಡುವ ಬಾಡಿಗೆಯನ್ನು ಒಂದು ಸಂಸಾರ ಕೊಡುವುದು ಕಷ್ಟ. ಮಣಿಪಾಲ ಗುಡ್ಡದ ಮೇಲಿದೆ, ಏರು ಇಳಿಜಾರು ಜಾಸ್ತಿ, ಅತ್ತೆಯ ಮಂಡಿಗೆ ಆಗದು. ನಾನಾದರೆ ಕುಂಜಿಬೆಟ್ಟು, ಇಂದ್ರಾಳಿ, ಕಡಿಯಾಳಿ ಸುತ್ತ ಹುಡುಕುತ್ತೇನೆ. ಇವು ಉಡುಪಿ–ಮಣಿಪಾಲ ರಸ್ತೆಯ ಮೇಲೇ ಇವೆ. ಹಗಲು ಸಿಟಿ ಬಸ್‌ಗೆ ಕಾಯಬೇಕಾಗಿಲ್ಲ. ಉಡುಪಿ ರೈಲು ನಿಲ್ದಾಣ ಇರುವುದೂ ಇಂದ್ರಾಳಿಯಲ್ಲೇ. ಕಡಿಯಾಳಿಯಲ್ಲಿ ದೇವಸ್ಥಾನ ಇದೆ, ಸಂಜೆ ಅತ್ತೆಗೆ ಹೋಗಿ ಕೂರಲು ಒಂದು ಜಾಗ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಊರು ಬಿಟ್ಟು ಬಂದ ಹಿರಿಯರು ಫ್ಲಾಟಿನ ನಾಲ್ಕು ಗೋಡೆಯೊಳಗೆ ಆರೇ ತಿಂಗಳಲ್ಲಿ ಬಾಡಿಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾತ್ರಿ ಎಂಟೂವರೆ ದಾಟಿದರೆ ಸಿಟಿ ಬಸ್ ನಂಬಬೇಡಿ. ಪಾಳಿಗೆ ಆಸ್ಪತ್ರೆಯ ವಾಹನ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ಗುರುತಿನ ಒಬ್ಬ ರಿಕ್ಷಾದವರನ್ನು ಗೊತ್ತು ಮಾಡಿ.

ಯಜಮಾನರ ಪ್ರಯಾಣಕ್ಕೆ ಎಕ್ಸ್‌ಪ್ರೆಸ್ ಬಸ್ಸುಗಳಿವೆ. ಹಗಲು ಒಂದರ ಹಿಂದೊಂದು ಬರುತ್ತವೆ. ಒಂದೂವರೆ ಗಂಟೆ ಹಿಡಿಯಿರಿ. ಕೂಳೂರು ಸೇತುವೆ, ಕೊಟ್ಟಾರ ಚೌಕಿಯಲ್ಲಿ ಸಿಕ್ಕಿಬಿದ್ದರೆ ಇನ್ನೂ ಜಾಸ್ತಿ. ರೈಲಾದರೆ ಒಂದು ಎಚ್ಚರ: ಕೇರಳದ ಕಡೆ ಹೋಗುವ ಕೊಂಕಣ ರೈಲುಗಳು ಮಂಗಳೂರು ಜಂಕ್ಷನ್‌ನಲ್ಲಿ ನಿಂತು ಹಾಗೇ ಮುಂದೆ ಹೋಗುತ್ತವೆ. ಹಂಪನಕಟ್ಟೆಗೆ ಹತ್ತಿರದ್ದು ಸೆಂಟ್ರಲ್, ಅಲ್ಲಿಂದ ನಡೆದೇ ಹೋಗಬಹುದು. ಜಂಕ್ಷನ್‌ನಲ್ಲಿ ಇಳಿದರೆ ಮತ್ತೆ ರಿಕ್ಷಾ ಬೇಕು. ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲುಗಳು ನಿಧಾನ. ದಿನಾ ಕಾರಿನಲ್ಲಿ ಎಂದರೆ ಹೆಜಮಾಡಿ ಟೋಲ್ ದಿನಕ್ಕೆರಡು ಸಲ. ಒಂದು ವರ್ಷ ಹೀಗೆ ಓಡಾಡಿ, ಆಮೇಲೆ ಉಡುಪಿಯ ಶಾಖೆಗೆ ವರ್ಗ ಕೇಳಲಿ. ಇದು ಬ್ಯಾಂಕುಗಳ ತವರು. 1906ರಲ್ಲೇ ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ ಹುಟ್ಟಿದವು. ಶಾಖೆಗಳಿಗಂತೂ ಬರವಿಲ್ಲ.

ಇನ್ನು ಜನವರಿಯಲ್ಲಿ ಮನೆ ನೋಡುವ ವಿಚಾರ. ನಾನೂ ಘಟ್ಟದ ಮೇಲಿನಿಂದ ಬಂದವನೇ. ಜನವರಿಯ ಬಿಸಿಲಲ್ಲಿ ಒಂದು ಚಂದದ ಮನೆ ನೋಡಿ, ಅಲ್ಲೇ ಅಡ್ವಾನ್ಸ್ ಕೊಟ್ಟೆ. ಜುಲೈನಲ್ಲಿ ಅಡುಗೆಮನೆಗೆ ನೀರು ಬಂತು. ಗ್ಯಾಸ್ ಸಿಲಿಂಡರ್ ಮಂಚದ ಮೇಲೆ, ನಾವು ಪಕ್ಕದ ಮನೆಯಲ್ಲಿ. ಕೇಳಿದರೆ ಓನರ್ ಹೇಳಿದ್ದು: "ಮಳೆಗಾಲದಲ್ಲಿ ಸ್ವಲ್ಪ ಇದ್ದದ್ದೇ ಮಾರಾಯ್ರೆ." ಹುಬ್ಬಳ್ಳಿಗೆ ವರ್ಷಕ್ಕೆ ಬೀಳುವ ಮಳೆಯ ಸುಮಾರು ಐದು ಪಟ್ಟು ಉಡುಪಿಗೆ ಬೀಳುತ್ತದೆ. ಅದರಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾಧ್ಯವಾದರೆ ಕೆಲಸಕ್ಕೆ ಸೇರುವ ಮೊದಲಿನ ಮಳೆಗಾಲದಲ್ಲೇ ಒಂದು ಸಲ ಬನ್ನಿ.

ಆಗದಿದ್ದರೆ ಜನವರಿಯಲ್ಲೇ ಮಳೆಯ ಗುರುತು ಹುಡುಕಿ. ಎಲ್ಲಾ ಬಿಟ್ಟು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಕಪಾಟಿನ ಬಾಗಿಲು ತೆರೆದು ವಾಸನೆ ನೋಡಿ. ಬೂಸ್ಟು ಹಿಡಿದ ಕಪಾಟು ಬೇಸಗೆಯಲ್ಲೂ ಸುಳ್ಳು ಹೇಳುವುದಿಲ್ಲ. ಕೊನೆಯ ಮಹಡಿಯಾದರೆ ತಾರಸಿಯ ಮೇಲೆ ಶೀಟ್ ಹಾಕಿದ್ದಾರೆಯೇ ನೋಡಿ. ಇಲ್ಲದಿದ್ದರೆ ಮಳೆಗೆ ಸೋರುತ್ತದೆ, ಏಪ್ರಿಲ್‌ನಲ್ಲಿ ಬೇಯಿಸುತ್ತದೆ. ಬಟ್ಟೆ ಒಣಹಾಕಲು ಮಾಡಿನ ಕೆಳಗೆ ಜಾಗ ಬೇಕೇ ಬೇಕು. ವಾರಕ್ಕೆ ಐದು ಜೊತೆ ಯೂನಿಫಾರ್ಮ್ ನಿಮ್ಮದೇ ಇರುತ್ತದಲ್ಲ. ಅತ್ತೆಗಾಗಿ ಅಂಗಳದ ಮೆಟ್ಟಿಲು ನೋಡಿ. ಮಳೆಗೆ ಹಾವಸೆ (ಪಾಚಿ) ಹಿಡಿದ ಮುರಕಲ್ಲು, ಅಂದರೆ ಇಲ್ಲಿನ ಕೆಂಪುಕಲ್ಲು, ಸೋಪಿನ ಹಾಗೆ ಜಾರುತ್ತದೆ. ಕಲ್ಸಂಕ, ಬನ್ನಂಜೆ, ಮಠದಬೆಟ್ಟು ಕಡೆ ತಗ್ಗಿನ ಮನೆ ತೋರಿಸಿದರೆ 2020ರ ಸೆಪ್ಟೆಂಬರ್ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಎದುರಿನ ಅಂಗಡಿಯವರನ್ನು ಕೇಳಿ. ಓನರ್ ಅಲ್ಲ, ಅಂಗಡಿಯವರು.

ಇಷ್ಟು ಮಳೆ ಬಿದ್ದೂ ಮೇ ತಿಂಗಳಲ್ಲಿ ನೀರಿಲ್ಲ ಅಂದರೆ ನಗಬೇಡಿ. ಉಡುಪಿ ನಗರ ನೀರಿಗೆ ಬಹುಕಾಲದಿಂದ ನಂಬಿಕೊಂಡಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. 2019ರ ಮೇ ತಿಂಗಳಲ್ಲಿ ಜನ ಟ್ಯಾಂಕರಿಗೆ ಕೊಡ ಹಿಡಿದು ನಿಂತಿದ್ದರು. ಬಾವಿ ಇರುವ ಮನೆಗೆ ಮೊದಲ ಮಣೆ ಹಾಕಿ. ಬಾವಿ ಏಪ್ರಿಲ್ ಕೊನೆಗೂ ನೀರು ಕೊಡುತ್ತದೆಯೇ ಎಂದು ಕೇಳಿದರೆ ಸಾಕು.

ಮಗಳ ವಿಷಯದಲ್ಲಿ ಸಮಯ ಒಳ್ಳೆಯದಿದೆ. ಎಂಟಕ್ಕೆ ಸೇರಿಸಿದರೆ ಹತ್ತು ಮುಗಿಯುವವರೆಗೆ ಅಲುಗಾಡಿಸಬೇಡಿ. ಆದ್ದರಿಂದ ಮೊದಲು ಶಾಲೆ, ಆಮೇಲೆ ಮನೆ. ಈಗಿರುವ ಸಿಲೆಬಸ್ಸೇ ಮುಂದುವರಿಯಲಿ. ಟಿ.ಸಿ. ಮತ್ತು ಸ್ಯಾಟ್ಸ್ ನಂಬರ್ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಹುಬ್ಬಳ್ಳಿಯ ಶಾಲೆಯಿಂದ ಮೇ ಒಳಗೇ ಪಡೆಯಿರಿ. ಮಳೆ ರಜೆ ಕೊಡುವುದು ಆಯಾ ಜಿಲ್ಲೆಯ ಡಿ.ಸಿ. ಉಡುಪಿಗೆ ರಜೆ ಬಂದ ದಿನ ಮಂಗಳೂರಿಗೆ ಇಲ್ಲದಿರಬಹುದು. ಮಗಳು ಮನೆಯಲ್ಲಿ, ಅಪ್ಪ ಬಸ್ಸಿನಲ್ಲಿ.

ಅಂಗಡಿ, ಬಸ್ಸು, ಆಸ್ಪತ್ರೆ, ಎಲ್ಲ ಕಡೆ ಕನ್ನಡ ನಡೆಯುತ್ತದೆ. ಅಕ್ಕಪಕ್ಕದವರು ತಮ್ಮತಮ್ಮಲ್ಲಿ ತುಳು, ಕೊಂಕಣಿ ಆಡುತ್ತಾರೆ. ನಿಮ್ಮನ್ನು ಹೊರಗಿಡಲು ಅಲ್ಲ, ಅದು ಅವರ ಮನೆಮಾತು. ಅಕ್ಕಿ ಕೇಳಿದರೆ "ಬೆಳ್ತಿಗೆಯಾ, ಕುಚ್ಚಲಾ?" ಅಂತಾರೆ. ಕುಚ್ಚಲು ಅಂದರೆ ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ನಿಮಗೆ ಬೇಕಾದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಜೋಳದ ಹಿಟ್ಟು ಸಿಗುತ್ತದೆ, ಆದರೆ ಮಳೆಗಾಲದಲ್ಲಿ ಊರಿಂದ ಮೂಟೆ ತರಬೇಡಿ, ಹುಳ ಬೀಳುತ್ತದೆ.

ಒಂದು ಸಣ್ಣ ಕೆಲಸ ಮರೆಯಬೇಡಿ. ಹುಬ್ಬಳ್ಳಿ ಮನೆ ಖಾಲಿ ಮಾಡುವ ಮೊದಲು ಗೃಹಜ್ಯೋತಿಯನ್ನು ಹೆಸ್ಕಾಂ ಆರ್.ಆರ್. ನಂಬರಿನಿಂದ ಡಿ-ಲಿಂಕ್ ಮಾಡಿಸಿ. ಆಮೇಲೆಯೇ ಇಲ್ಲಿನ ಮೆಸ್ಕಾಂ ಮೀಟರಿಗೆ ಅರ್ಜಿ ಹಾಕಬಹುದು.

ಪ್ರಶ್ನೆ: 30 ವರ್ಷ ಮುಂಬೈಯಲ್ಲಿದ್ದೆವು, ಈಗ ನಿವೃತ್ತಿ. ಉಳ್ಳಾಲದ ಕಡೆ ಸಮುದ್ರದ ಪಕ್ಕ ಒಂದು ಹಳೆ ಮನೆ ಮಾರಾಟಕ್ಕಿದೆ. ಕೊಳ್ಳಬಹುದೇ?
(ಓದುಗರು, ಡೊಂಬಿವಲಿ)

ಉತ್ತರ: ಈಗಲೇ ಕೊಳ್ಳಬೇಡಿ. ಉಳ್ಳಾಲ, ಸೋಮೇಶ್ವರ ಕಡೆ ಕಡಲ್ಕೊರೆತ ಬಹಳ ವರ್ಷಗಳ ಗೋಳು. ಮನೆ ಉಳಿದರೂ ಉಪ್ಪುಗಾಳಿಗೆ ಕಿಟಕಿಯ ಸರಳು, ಫ್ರಿಜ್ಜು, ಸ್ಕೂಟರ್ ಎಲ್ಲ ತುಕ್ಕು. ಬಾವಿ ನೀರು ಉಪ್ಪಾಗಿದೆಯೇ ಎಂದು ಮೇ ತಿಂಗಳಲ್ಲಿ ಕುಡಿದು ನೋಡಿ. ಅಲೆಗೆ ಹತ್ತಿರದ ಜಾಗದಲ್ಲಿ ಮನೆ ವಿಸ್ತರಿಸಲು ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮ ಅಡ್ಡ ಬರುತ್ತದೆ. ಒಂದು ಮಳೆಗಾಲ ಅಲ್ಲೇ ಹತ್ತಿರದ ತೊಕ್ಕೊಟ್ಟಿನಲ್ಲಿ ಬಾಡಿಗೆಗೆ ಬಿಡಾರ ಮಾಡಿ. ದಿನಾ ಸಂಜೆ ಕಡಲಿಗೆ ಹೋಗಿ ಬನ್ನಿ. ಅಕ್ಟೋಬರ್‌ನಲ್ಲೂ ಆ ಮನೆಯೇ ಬೇಕು ಅನಿಸಿದರೆ ಮತ್ತೆ ಬರೆಯಿರಿ, ಕಾಗದಪತ್ರ ನೋಡೋಣ.