ಬಂಧನದ ಅಂಕಿಗೆ ಊರಿನ ಚಾರಿತ್ರ್ಯ ತಿಳಿಯದು

ಪಿಂಪ್ರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಿಂದ ವೇಶ್ಯಾವಾಟಿಕೆ ಪ್ರಕರಣಗಳಲ್ಲಿ ಬಂಧಿತರಾದವರ ಸಂಖ್ಯೆ ತೆಗೆದು, ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿ, ಗೋವಾ, ಮಹಾರಾಷ್ಟ್ರ, ಕರ್ನಾಟಕಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಗೋವಾ ಕೆಟ್ಟುಹೋಗಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು, ಪಟ್ಟಿಯನ್ನು ಪ್ರಕಟಿಸಿ ಎಂಬುದು ಅವರ ಒತ್ತಾಯ.

ಮಾನ್ಯರೆ, ನಿಮ್ಮ ಶ್ರಮ ದೊಡ್ಡದು. ಗಾಳಿಮಾತಿಗಿಂತ ಸರ್ಕಾರಿ ಅಂಕಿ ಮೇಲು ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಅಂಕಿ ಆಡದ ಮಾತನ್ನು ನೀವು ಅದರ ಬಾಯಿಂದ ಆಡಿಸಿದ್ದೀರಿ. ಬಂಧನವೆಂದರೆ ಪೊಲೀಸರು ಮಾಡಿದ ಕೆಲಸ. ಅವರು ವಾರಕ್ಕೊಂದು ದಾಳಿ ಮಾಡಿದರೆ ಊರು ಕೆಟ್ಟಿದೆ ಎನ್ನುತ್ತೀರಿ. ಕಣ್ಣು ಮುಚ್ಚಿ ಕುಳಿತರೆ ಅದೇ ಊರು ನಿಮ್ಮ ಪಟ್ಟಿಯಲ್ಲಿ ಪಾವನವಾಗುತ್ತದೆ.

2011ರ ಜನಗಣತಿಯಂತೆ ಗೋವಾದ ಜನಸಂಖ್ಯೆ ಹದಿನೈದು ಲಕ್ಷಕ್ಕೂ ಕಡಿಮೆ, ಮಹಾರಾಷ್ಟ್ರದ್ದು 11.24 ಕೋಟಿ. ಗೋವಾದಲ್ಲಿ ಒಂದೇ ದಾಳಿಯಲ್ಲಿ ಹದಿನೈದು ಮಂದಿ ಸಿಕ್ಕರೆ ಲಕ್ಷಕ್ಕೆ ಒಂದು ಎಂಬ ದರ ಬಂದುಬಿಡುತ್ತದೆ. ಅದೇ ದರ ಬರಲು ಮಹಾರಾಷ್ಟ್ರದಲ್ಲಿ 1,124 ಮಂದಿಯನ್ನು ಹಿಡಿಯಬೇಕು. ಗೋವಾದ ಕಲಂಗುಟ್ ಕಡಲತೀರದಲ್ಲಿ ಬಂದಿಳಿಯುವ ಪ್ರವಾಸಿಗರು ನಿಮ್ಮ ಭಾಗಾಕಾರದಲ್ಲಿ ಎಲ್ಲಿದ್ದಾರೆ?

ಕಾಯ್ದೆಯನ್ನೂ ನೋಡಿ. 1956ರ ಅನೈತಿಕ ಸಾಗಣೆ ತಡೆ ಕಾಯ್ದೆ ವೇಶ್ಯಾವೃತ್ತಿಯನ್ನೇ ಅಪರಾಧ ಎನ್ನುವುದಿಲ್ಲ. ವೇಶ್ಯಾಗೃಹ ನಡೆಸುವುದು, ಹೆಣ್ಣಿನ ಗಳಿಕೆಯಲ್ಲಿ ಬದುಕುವುದು, ಬೀದಿಯಲ್ಲಿ ಗಿರಾಕಿಯನ್ನು ಕರೆಯುವುದು ಅಪರಾಧ. ಮುಂಬೈಯಲ್ಲಿ ಬೀದಿಯಲ್ಲಿ ನಿಂತವಳ ಮೇಲೆ ಗಿರಾಕಿಯನ್ನು ಕರೆದಳೆಂದು ಈ ಕಾಯ್ದೆಯ 8ನೇ ಕಲಮನ್ನೂ ಹಾಕಬಹುದು, ಬಹಿರಂಗವಾಗಿ ಅಸಭ್ಯವಾಗಿ ವರ್ತಿಸಿದಳೆಂದು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 110ನೇ ಕಲಮನ್ನೂ ಹಾಕಬಹುದು. ಎರಡನೆಯದನ್ನು ಹಾಕಿದರೆ ಅವಳು ನಿಮ್ಮ ಪಟ್ಟಿಗೆ ಬರುವುದೇ ಇಲ್ಲ. ದಾಳಿಯ ವೇಳೆ ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ಹೆಂಗಸರನ್ನು ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ ಶಿಫಾರಸು ಮಾಡಿತು, 2022ರ ಮೇ ತಿಂಗಳ ಆದೇಶದಲ್ಲಿ ಕೋರ್ಟು ಅದನ್ನು ಉಲ್ಲೇಖಿಸಿತು. ಆಮೇಲೆ ಎಲ್ಲಾದರೂ ಬಂಧನ ಇಳಿದಿದ್ದರೆ ಅಲ್ಲಿ ನೀತಿ ಹೆಚ್ಚಿತು ಎಂದು ಬರೆಯುತ್ತೀರಾ?

ನಲವತ್ತು ವರ್ಷಗಳ ಹಿಂದೆ ಮುಂಬೈಯ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಗೆ ಹೋಗುತ್ತಿದ್ದೆ. ಚಹಾದ ಕಿಟ್ಲಿ ಹಿಡಿದು ವೇಶ್ಯಾಗೃಹಗಳಿದ್ದ ಕಾಮಾಟಿಪುರದ ಗಲ್ಲಿಗೂ ಹೋಗಬೇಕಿತ್ತು. ನನ್ನ ಜೇಬಿನಲ್ಲಿ ಪೆನ್ನು ಕಂಡ ಒಬ್ಬಾಕೆ 'ತಮ್ಮಾ' ಎಂದು ಕರೆದು ಮನಿಯಾರ್ಡರ್ ಫಾರ್ಮ್ ಮುಂದಿಟ್ಟಳು. ಅಥಣಿ ತಾಲೂಕಿನ ಹಳ್ಳಿ, ತಾಯಿಯ ಹೆಸರು. ಸಂದೇಶಕ್ಕಿದ್ದ ಎರಡು ಬೆರಳಗಲದ ಜಾಗದಲ್ಲಿ ದೊಡ್ಡವರ ಮನೆಯಲ್ಲಿ ಅಡುಗೆಗೆ ಇದ್ದೇನೆ ಎಂದು ಬರೆಸಿದಳು. ಮರುತಿಂಗಳು ಫಾರ್ಮ್ ಬರಲಿಲ್ಲ. ಪೊಲೀಸರು ಹಿಡಿದಿದ್ದರು, ದಂಡ ಕಟ್ಟಿ ಬಂದಿದ್ದಳು, ದಂಡದ ಹಣ ಕೊಟ್ಟವಳು ಘರ್‌ವಾಲಿ, ಅಂದರೆ ವೇಶ್ಯಾಗೃಹದ ಒಡತಿ. ಸಾಲದ ಮೇಲೆ ಸಾಲ. ಆ ಬಂಧನವೂ ಯಾವುದೋ ವರದಿಯಲ್ಲಿ ಒಂದು ಅಂಕಿಯಾಗಿ ಕುಳಿತಿರಬಹುದು.

ಪುಣೆಯ ವೇಶ್ಯಾವಾಟಿಕೆಯ ಪ್ರದೇಶವಾದ ಬುಧವಾರ ಪೇಟೆ ನಿಮ್ಮ ಮನೆಯಿಂದ ಒಂದು ಬಸ್ಸಿನ ದಾರಿ. ಅಲ್ಲಿಯೂ ಬೆಳಗಾವಿ, ವಿಜಯಪುರ ಕಡೆಯ ಕನ್ನಡ ಕೇಳುತ್ತದೆ. 2004ರಲ್ಲಿ ಗೋವಾದ ವಾಸ್ಕೋದಲ್ಲಿ, ವೇಶ್ಯಾವಾಟಿಕೆಯಿದ್ದ ಬೈನಾ ತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿಯೂ ನಮ್ಮ ಭಾಷೆಯ ಹೆಂಗಸರಿದ್ದರು. ಹೊರನಾಡ ಕನ್ನಡಿಗರು ಎಂದು ನಾವು ವೇದಿಕೆಯ ಮೇಲೆ ಎದೆ ತಟ್ಟಿಕೊಳ್ಳುತ್ತೇವೆ. ಹೋಟೆಲಿನವರನ್ನು, ಬ್ಯಾಂಕಿನವರನ್ನು ಎಣಿಸುತ್ತೇವೆ, ಶಾಲು ಹೊದಿಸುತ್ತೇವೆ. ಇವರನ್ನು ಕನ್ನಡಿಗರೆಂದು ಎಣಿಸಿದ ಒಂದು ಸಭೆಯನ್ನೂ ನಾನು ಕಂಡಿಲ್ಲ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರಲ್ಲೇ ಕಾಯ್ದೆ ತಂದು ನಿಷೇಧಿಸಿತು. ಅದಕ್ಕೂ ಮೊದಲು ಮುತ್ತು ಕಟ್ಟಿಸಿಕೊಂಡು ಈ ಊರುಗಳಿಗೆ ಬಂದವರು ಈಗ ಮುದುಕಿಯರಾಗಿ ಅದೇ ಗಲ್ಲಿಗಳಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ.

ಪಟ್ಟಿಯನ್ನು ಈ ಸಂಚಿಕೆಯಲ್ಲಿ ಹಾಕುತ್ತಿಲ್ಲ. ನಿಮಗೆ ಲೆಕ್ಕದ ಕೈ ಇದೆ, ತಾಳ್ಮೆಯೂ ಇದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಬಂಧಿತರಲ್ಲಿ ಹೆಂಗಸರೆಷ್ಟು, ವೇಶ್ಯಾಗೃಹ ನಡೆಸುವವರೆಷ್ಟು, ದಲ್ಲಾಳಿಗಳೆಷ್ಟು ಎಂದು ಪೊಲೀಸರನ್ನೇ ಕೇಳಿ. ಉತ್ತರ ಬಂದ ದಿನ ನನಗೆ ಬರೆಯಿರಿ, ಎರಡು ಪುಟ ಬಿಟ್ಟುಕೊಡುತ್ತೇನೆ.

— ಸಂ.