ಊಟ ಬದಲಾಯಿಸಿ, ಮಾತ್ರೆ ಬಿಡಬೇಡಿ
ಅಮ್ಮನಿಗೆ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಗಿದೆ, ಗೋಧಿ ಬಿಟ್ಟು ಹೊಟ್ಟೆ ಸರಿ ಮಾಡಿಕೊಂಡರೆ ಮಾತ್ರೆಯೇ ಬೇಡ ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ನಮ್ಮ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ನನಗೂ ಇದೆ, ಒಂಬತ್ತು ವರ್ಷ ಆಯಿತು. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿ ನೋಡಿದವಳು.

ಇಲ್ಲೇ ದಾವಣಗೆರೆಯಲ್ಲಿ ಒಬ್ಬರು ಪಥ್ಯ ಹೇಳಿದರು ಅಂತ ಮೂರು ತಿಂಗಳು ಮೆಥೋಟ್ರೆಕ್ಸೇಟ್, ಅಂದರೆ ಈ ಕಾಯಿಲೆಗೆ ಕೊಡುವ ಮಾತ್ರೆ, ಬಿಟ್ಟೆ. ಮೊದಲು ಮೈ ಹಗುರ ಅನ್ನಿಸಿತು. ಆಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ, ರೊಟ್ಟಿ ತಟ್ಟುವುದಿರಲಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲೂ ಮಗಳನ್ನು ಕರೆಯಬೇಕಾಯಿತು.

ಹಾಗಂತ ಹೊಟ್ಟೆಗೂ ಕೀಲುಗಳಿಗೂ ಸಂಬಂಧವೇ ಇಲ್ಲ ಅಂತಲ್ಲ. ನಮಗೆ ಅರಗದ ನಾರು ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟ. ಅದನ್ನು ತಿಂದು ಅವು ಬ್ಯುಟಿರೇಟ್ ಅನ್ನುವ ವಸ್ತು ಮಾಡುತ್ತವೆ. ಅದು ಕರುಳಿನ ಒಳಪದರವನ್ನು ಗಟ್ಟಿಯಾಗಿಡುತ್ತದೆ, ಜೊತೆಗೆ ನಮ್ಮ ಮೈಮೇಲೇ ತಿರುಗಿಬೀಳುವ ರೋಗನಿರೋಧಕ ಕೋಶಗಳನ್ನು ತಡೆಯುವ ಟಿ-ರೆಗ್ ಕೋಶಗಳನ್ನು ಹೆಚ್ಚಿಸುತ್ತದೆ ಅಂತ 2013ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಅದೇ ವರ್ಷ ನ್ಯೂಯಾರ್ಕಿನ ಸಂಶೋಧಕರು, ಹೊಸದಾಗಿ ಸಂಧಿವಾತ ಬಂದು ಇನ್ನೂ ಔಷಧಿ ಶುರು ಮಾಡದವರ ಕರುಳಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ಜಾಸ್ತಿ ಇರುವುದನ್ನು ಕಂಡರು. ಆದರೆ ಅದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದ ಮೇಲೆ ಅದು ಹೆಚ್ಚಿತೋ ಅನ್ನುವುದು ಅಷ್ಟರಿಂದಲೇ ತಿಳಿಯುವುದಿಲ್ಲ ಅಲ್ವಾ? ನಮ್ಮ ಹಾಗೆ ಕಾಳು, ಧಾನ್ಯ ಹೆಚ್ಚು ತಿನ್ನುವ ಆರೋಗ್ಯವಂತರಲ್ಲೂ ಅದು ಇರುತ್ತದೆ.

ಗೋಧಿ ವಿಷಯ ಬೇರೆ. ಗೋಧಿ, ಬಾರ್ಲಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಅಂಶ ಕರುಳನ್ನು ಕೆಡಿಸುವ ಸೀಲಿಯಾಕ್ ಕಾಯಿಲೆ ಇದ್ದರೆ ಅಂಥ ಧಾನ್ಯ ಬಿಡುವುದೇ ಚಿಕಿತ್ಸೆ, ಅಲ್ಲಿ ಊಟವೇ ಔಷಧಿ. ಅನುಮಾನ ಇದ್ದರೆ ರಕ್ತಪರೀಕ್ಷೆ ಮೊದಲು ಮಾಡಿಸಿ, ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಸುಮ್ನೆ ಎಲ್ಲರೂ ಬಿಡಬೇಕಿಲ್ಲ.

ಈಗ ನನ್ನ ಊಟ ಅಂದರೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಸೊಪ್ಪು, ಮಜ್ಜಿಗೆ. ಹೊಸದುರ್ಗದ ತವರಿಂದ ಸಾವೆ ಅಕ್ಕಿ ಬರುತ್ತದೆ. ಬೆಣ್ಣೆ ದೋಸೆ ಅಪರೂಪಕ್ಕೆ. ಇದರಿಂದ ಹೊಟ್ಟೆ ಹಗುರ, ತೂಕವೂ ಇಳಿದು ಮಂಡಿಗೆ ಆರಾಮ. ಬೆರಳ ಬಾವು ಇಳಿದದ್ದು ಮಾತ್ರ ಮಾತ್ರೆ ಮತ್ತೆ ಶುರು ಮಾಡಿದ ಮೇಲೆ. ಅಮ್ಮನಿಗೆ ಕಾಳು ನಿಧಾನಕ್ಕೆ ಹೆಚ್ಚಿಸಿ, ಒಂದೇ ಸಲ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ.

ಇನ್ನೊಂದು. ಅವರಿಗೂ ಮೆಥೋಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೊಂದೇ ದಿನ ತೆಗೆದುಕೊಳ್ಳುವಂಥದ್ದು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನಾನು ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರಕ್ಕೂ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದೇನೆ, ನುಂಗಿದ ತಕ್ಷಣ ಅದರ ಮೇಲೆ ಗೀಟು ಹಾಕುತ್ತೇನೆ.